ಅಮೆರಿಕದ ಹೈಸ್ಕೂಲಿನಿಂದ ಬ್ರಿಟನ್ನಿನ ಪದವಿಗೆ: ಹತ್ತನೇ ತರಗತಿಯಲ್ಲೇ ತಿಳಿದಿರಬೇಕಾದ ಸಂಗತಿಗಳು



ವಾರ್ಷಿಕ ವರದಿಯಲ್ಲಿ ವಿದ್ಯಾರ್ಥಿವೇತನದ ಪ್ರಕಟಣೆಯ ಜೊತೆಗೆ ಒಂದು ಮಾಹಿತಿ ಲೇಖನ ಇರಬೇಕೆಂಬುದು ನಮ್ಮ ಟ್ರಸ್ಟಿನ ವಾಡಿಕೆ. ಹಿಂದೆ ಎಸ್ಸೆಸ್ಸೆಲ್ಸಿ ನಂತರದ ಕೋರ್ಸುಗಳು, ಸಿಇಟಿಗೆ ಬೇಕಾಗುವ ದಾಖಲೆಗಳು ಇಂಥವುಗಳ ಬಗ್ಗೆ ಬರೆದಿದ್ದೆ. ಈ ಸಲದ ವಿಷಯ ಊರಿನವರಿಗೆ ದೂರದ್ದು ಅನ್ನಿಸಬಹುದು. ಆದರೆ ಟ್ರಸ್ಟಿಗೆ ವರ್ಷವರ್ಷವೂ ನೆರವು ಕಳುಹಿಸುವವರಲ್ಲಿ ಅಮೆರಿಕದಲ್ಲಿ ನೆಲೆಸಿದ ನಮ್ಮ ಹಳೆಯ ವಿದ್ಯಾರ್ಥಿಗಳೂ ಇದ್ದಾರೆ. ಅವರ ಮಕ್ಕಳು ಅಲ್ಲಿ ಹೈಸ್ಕೂಲಿಗೆ ಬಂದಿದ್ದಾರೆ. "ಟೀಚರ್, ಇಲ್ಲಿ ಪದವಿಗೆ ನಾಲ್ಕು ವರ್ಷ, ಇಂಗ್ಲೆಂಡಿನಲ್ಲಿ ಮೂರೇ ವರ್ಷವಂತೆ. ಅಲ್ಲಿಗೆ ಕಳಿಸಿದರೆ ಹೇಗೆ?" ಎಂದು ಈ ವರ್ಷ ಮೂವರು ಫೋನ್ ಮಾಡಿ ಕೇಳಿದರು. ಮೂವರಿಗೂ ಬೇರೆ ಬೇರೆಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಇದು ನಾನು ಪುಸ್ತಕ ಓದಿ ಕಲಿತದ್ದಲ್ಲ, ಪೆಟ್ಟು ತಿಂದು ಕಲಿತದ್ದು. 2024ರ ಸೆಪ್ಟೆಂಬರಿನಲ್ಲಿ ನ್ಯೂಜೆರ್ಸಿಯ ಮಗಳ ಮನೆಗೆ ಹೋಗಿದ್ದೆ. ಹಿರಿಯ ಮೊಮ್ಮಗಳು ಆಗ ತಾನೇ 12ನೇ ತರಗತಿಗೆ ಬಂದಿದ್ದಳು. ಓದಿನಲ್ಲಿ ಮುಂದೆ. ಅರ್ಥಶಾಸ್ತ್ರವನ್ನೇ ಓದಬೇಕು, ಅದನ್ನು ಇಂಗ್ಲೆಂಡಿನಲ್ಲೇ ಓದಬೇಕು ಎಂಬ ಆಸೆ. ಐದು ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಿದಳು. ನಾಲ್ಕು ಕಡೆ ಇಲ್ಲ ಎಂದರು. ಐದನೆಯದರಲ್ಲಿ ಸೀಟು ಸಿಕ್ಕಿತು, ಆದರೆ ಅಲ್ಲಿನ ಶುಲ್ಕ ನನ್ನ ಅಳಿಯನ ಕೈಗೆ ಎಟುಕುವಂತಿರಲಿಲ್ಲ. ಈಗ ಅವಳು ಮನೆಯ ಹತ್ತಿರದ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಚೆನ್ನಾಗಿಯೇ ಓದುತ್ತಿದ್ದಾಳೆ. ಆದರೆ ಆ ನಾಲ್ಕು 'ಇಲ್ಲ'ಗಳಲ್ಲಿ ಅವಳ ತಪ್ಪಿಗಿಂತ ದೊಡ್ಡವರಾದ ನಮ್ಮ ತಪ್ಪೇ ಹೆಚ್ಚು. ಅರ್ಜಿ ಹಾಕುವ ಹೊತ್ತಿಗೆ ಸರಿಪಡಿಸುವ ಕಾಲ ಮೀರಿಹೋಗಿತ್ತು.

ಎರಡು ದೇಶ, ಎರಡು ಪ್ರಶ್ನೆ

ಅಮೆರಿಕದ ಕಾಲೇಜು ವಿದ್ಯಾರ್ಥಿಯನ್ನು ನೋಡುವ ಬಗೆ ಬೇರೆ. ಅಂಕಗಳ ಜೊತೆಗೆ ಆಟ, ಸಂಗೀತ, ಸೇವೆ, ಮನೆಯ ಪರಿಸ್ಥಿತಿ, ಮಗುವಿನ ಸ್ವಭಾವ ಎಲ್ಲವನ್ನೂ ತೂಗುತ್ತದೆ. ಯಾವ ವಿಷಯ ಓದಬೇಕೆಂದು ಸೇರುವಾಗಲೇ ನಿರ್ಧರಿಸಬೇಕಿಲ್ಲ. ಬಹಳಷ್ಟು ಕಡೆ ಎರಡನೆಯ ವರ್ಷದವರೆಗೂ ಯೋಚಿಸಲು ಅವಕಾಶವಿದೆ. ರಸಾಯನಶಾಸ್ತ್ರ ಓದುವವಳೂ ಇತಿಹಾಸದ ಒಂದು ಪತ್ರಿಕೆ, ಭಾಷೆಯ ಒಂದು ಪತ್ರಿಕೆ ಓದಲೇಬೇಕು.

ಬ್ರಿಟನ್ನಿನಲ್ಲಿ, ಅದರಲ್ಲೂ ಇಂಗ್ಲೆಂಡಿನಲ್ಲಿ, ಅರ್ಜಿ ಹೋಗುವುದು ಒಂದು ವಿಶ್ವವಿದ್ಯಾಲಯಕ್ಕೆ ಮಾತ್ರವಲ್ಲ, ಅಲ್ಲಿನ ಒಂದು ನಿರ್ದಿಷ್ಟ ಕೋರ್ಸಿಗೆ. ಅದನ್ನು ಓದಿ ನೋಡುವವರು ಕೇಳಿಕೊಳ್ಳುವುದು ಮುಖ್ಯವಾಗಿ ಒಂದೇ ಪ್ರಶ್ನೆ: ಈ ಮಗು ನಮ್ಮ ವಿಷಯವನ್ನು ಮೂರು ವರ್ಷ ಓದಿ ದಕ್ಕಿಸಿಕೊಳ್ಳುತ್ತದೆಯೇ? ಸೇರಿದ ಮೊದಲ ದಿನದಿಂದ ಅದೇ ವಿಷಯ. ಮಧ್ಯದಲ್ಲಿ ಮನಸ್ಸು ಬದಲಾದರೆ ಬೇರೆ ವಿಭಾಗಕ್ಕೆ ದಾಟುವುದು ಸುಲಭವಲ್ಲ. ಎಷ್ಟೋ ಸಲ ಮೊದಲ ವರ್ಷದಿಂದಲೇ ಶುರು ಮಾಡಬೇಕಾಗುತ್ತದೆ.

ಈ ವ್ಯತ್ಯಾಸ ಅಲ್ಲಿ ಹುಟ್ಟಿ ಬೆಳೆದ ಮೊಮ್ಮಗಳಿಗಿಂತ ನನಗೆ ಬೇಗ ಅರ್ಥವಾಯಿತು. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಮುಗಿಯುತ್ತಲೇ ವಿಜ್ಞಾನವೋ ವಾಣಿಜ್ಯವೋ ಕಲೆಯೋ ಎಂದು ಹದಿನಾರರ ಮಗು ಹೇಳಬೇಕು. ಪಿಯುಸಿಯಲ್ಲಿ ಗಣಿತ ಬಿಟ್ಟವನು ಆಮೇಲೆ ಎಂಜಿನಿಯರಿಂಗ್ ಬೇಕೆಂದರೆ ಯಾರೂ ಕೇಳುವುದಿಲ್ಲ. ಬ್ರಿಟನ್ನಿನ ಮಕ್ಕಳೂ ಹೀಗೆಯೇ ಕೊನೆಯ ಎರಡು ವರ್ಷ ಮೂರೋ ನಾಲ್ಕೋ ವಿಷಯಗಳನ್ನು ಮಾತ್ರ ಆಳವಾಗಿ ಓದುತ್ತಾರೆ. ಅದಕ್ಕೆ ಎ ಲೆವೆಲ್ ಎನ್ನುತ್ತಾರೆ. ಅಮೆರಿಕದ ಹೈಸ್ಕೂಲಿನಲ್ಲಿ ಅಂಥ ಕವಲು ಇಲ್ಲ. ಆದ್ದರಿಂದ ಅಲ್ಲಿನ ಡಿಪ್ಲೊಮಾ ಒಂದನ್ನೇ, ಜಿಪಿಎ ಎಷ್ಟೇ ಚೆನ್ನಾಗಿರಲಿ, ಹೆಸರಾದ ಬ್ರಿಟಿಷ್ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಎ ಲೆವೆಲ್ಲಿಗೆ ಸಮವೆಂದು ಒಪ್ಪುವುದಿಲ್ಲ. ಆ ಕೊರತೆ ತುಂಬುವುದು ಎಪಿ ಪರೀಕ್ಷೆಗಳು. ಶಾಲೆಯಲ್ಲಿ ಐಬಿ ಇದ್ದರೆ ಅದೂ ನಡೆಯುತ್ತದೆ. ಅದರ ದಾರಿ ಇನ್ನೂ ನೇರ, ಹಾಗಾಗಿ ಇಲ್ಲಿ ಬೆಳೆಸುವುದಿಲ್ಲ.

ಎಪಿ: ನಿರ್ಧಾರ ಮಾಡುವ ಕಾಲ

ಎಪಿ ಎಂದರೆ ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್. ಎಸ್‌ಎಟಿ ನಡೆಸುವ ಕಾಲೇಜ್ ಬೋರ್ಡ್ ಸಂಸ್ಥೆಯೇ ಇದನ್ನೂ ನಡೆಸುತ್ತದೆ. ಮೇ ತಿಂಗಳಲ್ಲಿ ಪರೀಕ್ಷೆ, ಜುಲೈ ಆರಂಭದ ಹೊತ್ತಿಗೆ ಫಲಿತಾಂಶ. 1ರಿಂದ 5ರವರೆಗೆ ಅಂಕ, 5 ಅತಿ ಹೆಚ್ಚಿನದು.

ಆಕ್ಸ್‌ಫರ್ಡ್ ಸಾಮಾನ್ಯವಾಗಿ ಕೇಳುವುದು ನಾಲ್ಕು ಎಪಿಗಳಲ್ಲಿ 5. ಇಲ್ಲವೇ ಮೂರು ಎಪಿಗಳಲ್ಲಿ 5, ಜೊತೆಗೆ ಎಸ್‌ಎಟಿಯಲ್ಲಿ 1480 ಅಥವಾ ಎಸಿಟಿಯಲ್ಲಿ 33. ಕೇಂಬ್ರಿಡ್ಜ್ ಇನ್ನೂ ಬಿಗಿ, ಐದು ಎಪಿಗಳ ಮಾತಾಡುತ್ತದೆ. ಉಳಿದ ಹಲವು ಕಡೆ ಮೂರು ಎಪಿಗಳಲ್ಲಿ 4 ಅಥವಾ 5 ಇದ್ದರೂ ಪರಿಗಣಿಸುತ್ತಾರೆ. ಈ ಸಂಖ್ಯೆಗಳು ಆಗಾಗ ಬದಲಾಗುತ್ತವೆ, ಕೋರ್ಸಿನಿಂದ ಕೋರ್ಸಿಗೂ ಬೇರೆ. ಆಯಾ ಕೋರ್ಸಿನ ಪುಟದಲ್ಲಿ ಅಮೆರಿಕದ ವಿದ್ಯಾರ್ಥಿಗಳಿಗೆಂದು ಬರೆದಿರುವುದನ್ನೇ ನಂಬಬೇಕು.

ಸಂಖ್ಯೆಗಿಂತ ದೊಡ್ಡ ವಿಷಯ ಯಾವ ಎಪಿ ಎಂಬುದು. ನಮ್ಮ ಮೊಮ್ಮಗಳು ಎಡವಿದ್ದು ಇಲ್ಲೇ. ಅವಳ ಶಾಲೆಯಲ್ಲಿ ಕ್ಯಾಲ್ಕುಲಸ್ ಎಬಿ ಮತ್ತು ಕ್ಯಾಲ್ಕುಲಸ್ ಬಿಸಿ ಎಂಬ ಎರಡು ಎಪಿಗಳಿದ್ದವು. ಎಬಿ ಹಗುರ, ಬಿಸಿ ಅದಕ್ಕಿಂತ ಮುಂದಿನದು. ಅರ್ಥಶಾಸ್ತ್ರಕ್ಕೆ ಎಬಿ ಸಾಕು ಎಂದು ಶಾಲೆಯ ಕೌನ್ಸೆಲರ್ ಹೇಳಿದ್ದರಂತೆ. ಅಮೆರಿಕದ ಕಾಲೇಜುಗಳ ಮಟ್ಟಿಗೆ ಅದು ತಪ್ಪು ಸಲಹೆಯಲ್ಲ. ಬ್ರಿಟನ್ನಿನಲ್ಲಿ ಮಾತ್ರ ಅರ್ಥಶಾಸ್ತ್ರ ಅಂದರೆ ಮುಕ್ಕಾಲು ಪಾಲು ಗಣಿತ. ಒಳ್ಳೆಯ ವಿಭಾಗಗಳು ಬಿಸಿಯನ್ನೇ ಕೇಳುತ್ತವೆ. ಎಂಜಿನಿಯರಿಂಗಿಗೂ ಹಾಗೆಯೇ, ಬಿಸಿ ಮತ್ತು ಫಿಸಿಕ್ಸ್ ಸಿ ಬೇಕಾಗುತ್ತದೆ. ವೈದ್ಯಕೀಯಕ್ಕೆ ಸಾಮಾನ್ಯವಾಗಿ ಕೆಮಿಸ್ಟ್ರಿ ಬೇಕು, ಬಹಳಷ್ಟು ಕಡೆ ಬಯಾಲಜಿಯೂ ಬೇಕು. ಎಬಿ ಮತ್ತು ಬಿಸಿ ಎರಡನ್ನೂ ಬರೆದರೆ ಎರಡು ಎಪಿ ಎಂದು ಲೆಕ್ಕ ಹಿಡಿಯುವುದಿಲ್ಲ, ಒಂದೇ ಎನ್ನುತ್ತಾರೆ. ಇದನ್ನು ಎಷ್ಟೋ ಪೋಷಕರು ಕೊನೆಗೆ ತಿಳಿದು ಕೈಕೈ ಹಿಸುಕಿಕೊಳ್ಳುತ್ತಾರೆ.

ಈಗ ಕಾಲದ ಲೆಕ್ಕ ನೋಡಿ. ಅರ್ಜಿ ಹೋಗುವುದು 12ನೇ ತರಗತಿಯ ಅಕ್ಟೋಬರಿನಿಂದ ಜನವರಿಯೊಳಗೆ. ಆ ಹೊತ್ತಿಗೆ ಕೈಯಲ್ಲಿ ಇರುವ ಅಂಕವೆಂದರೆ 11ನೇ ತರಗತಿಯ ಮೇ ತಿಂಗಳವರೆಗೆ ಬರೆದ ಎಪಿಗಳದ್ದು. 12ರಲ್ಲಿ ಬರೆಯಲಿರುವುದಕ್ಕೆ ಶಿಕ್ಷಕರು ಅಂದಾಜು ಅಂಕ ಹೇಳಬೇಕು. ಅಂದರೆ ಕನಿಷ್ಠ ಎರಡು ಮುಖ್ಯ ಎಪಿಗಳು 11ನೇ ತರಗತಿಯಲ್ಲೇ ಮುಗಿದಿದ್ದರೆ ಅರ್ಜಿಗೆ ತೂಕ. 11ನೇ ತರಗತಿಯ ವಿಷಯಗಳನ್ನು ಮಗು ಆರಿಸಿಕೊಳ್ಳುವುದು ಯಾವಾಗ? 10ನೇ ತರಗತಿಯ ಎರಡನೆಯ ಅರ್ಧದಲ್ಲಿ. ಶೀರ್ಷಿಕೆಯಲ್ಲಿ ಹತ್ತನೇ ತರಗತಿ ಎಂದು ಬರೆದದ್ದು ಇದಕ್ಕೇ. ಆ ಫಾರ್ಮಿನಲ್ಲಿ ಮಗು ಹಾಕುವ ಗುರುತು ಎರಡು ವರ್ಷದ ನಂತರ ಇಂಗ್ಲೆಂಡಿನಲ್ಲಿ ಯಾವ ಬಾಗಿಲು ತೆರೆಯುತ್ತದೆ, ಯಾವುದು ಮುಚ್ಚುತ್ತದೆ ಎಂದು ಹೇಳುತ್ತದೆ.

ವಿಷಯವನ್ನು ಅಷ್ಟು ಬೇಗ ನಿರ್ಧರಿಸಲಾಗದ ಮಗುವಿಗೆ ಸ್ಕಾಟ್ಲೆಂಡ್ ಇದೆ. ಅಲ್ಲಿ ಪದವಿ ನಾಲ್ಕು ವರ್ಷದ್ದು. ಸೇಂಟ್ ಆಂಡ್ರ್ಯೂಸ್, ಎಡಿನ್‌ಬರೊ, ಗ್ಲಾಸ್ಗೋ, ಅಬರ್ಡೀನ್‌ನಂತಹ ಹಳೆಯ ವಿಶ್ವವಿದ್ಯಾಲಯಗಳಲ್ಲಿ, ಕಲಾ ವಿಭಾಗದಲ್ಲಿ ವಿಶೇಷವಾಗಿ, ಮೊದಲ ಎರಡು ವರ್ಷ ಎರಡು ಮೂರು ವಿಷಯಗಳನ್ನು ಓದಿ ಆಮೇಲೆ ಒಂದನ್ನು ಹಿಡಿಯಬಹುದು. ಅಲ್ಲಿನ ಮೊದಲ ಕಲಾ ಪದವಿಗೇ ಎಂಎ ಎಂದು ಹೆಸರು. ನಮ್ಮ ಎಂಎ ಎಂದು ತಿಳಿದು ಗಾಬರಿಯಾಗಬೇಡಿ. ಸೇಂಟ್ ಆಂಡ್ರ್ಯೂಸ್‌ನಲ್ಲಿ ಅಮೆರಿಕದ ಮಕ್ಕಳು ತುಂಬ ಇದ್ದಾರೆ, ಅಮೆರಿಕದವರೇ ಬಳಸುವ ಕಾಮನ್ ಆ್ಯಪ್ ಮೂಲಕವೂ ಅಲ್ಲಿಗೆ ಅರ್ಜಿ ಹಾಕಬಹುದು.

ಅರ್ಜಿ ಮತ್ತು ಆ ಮೂರು ಉತ್ತರಗಳು

ಉಳಿದಂತೆ ಬ್ರಿಟನ್ನಿನ ಬಹುತೇಕ ಎಲ್ಲ ವಿಶ್ವವಿದ್ಯಾಲಯಗಳಿಗೂ ಅರ್ಜಿ ಒಂದೇ. ಅದನ್ನು ನೋಡಿಕೊಳ್ಳುವ ಸಂಸ್ಥೆ ಯೂಕಾಸ್. ಒಂದು ಅರ್ಜಿಯಲ್ಲಿ ಐದು ಆಯ್ಕೆ. ಶುಲ್ಕ ಹೆಚ್ಚಲ್ಲ, 2025ನೇ ಸಾಲಿಗೆ ಐದಕ್ಕೂ ಸೇರಿ 28.50 ಪೌಂಡ್ ಇತ್ತು. ಅಮೆರಿಕದ ಒಂದೊಂದು ಕಾಲೇಜೂ ಅದಕ್ಕಿಂತ ಹೆಚ್ಚು ಕೇಳುವುದುಂಟು. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಡ್ಜ್ ಎರಡಕ್ಕೂ ಒಂದೇ ವರ್ಷ ಹಾಕುವಂತಿಲ್ಲ, ಒಂದನ್ನೇ ಆರಿಸಬೇಕು. ನೀವು ಬೇರೆ ಎಲ್ಲೆಲ್ಲಿ ಹಾಕಿದ್ದೀರಿ ಎಂಬುದು ತೀರ್ಮಾನ ಮಾಡುವಾಗ ಒಂದು ವಿಶ್ವವಿದ್ಯಾಲಯಕ್ಕೆ ಕಾಣುವುದಿಲ್ಲ.

ಐದಕ್ಕೂ ಹೋಗುವ ವೈಯಕ್ತಿಕ ಹೇಳಿಕೆಯೂ ಒಂದೇ. ಹಾಗಾಗಿ ಒಂದು ಕಡೆ ಇತಿಹಾಸ, ಇನ್ನೊಂದು ಕಡೆ ಕಂಪ್ಯೂಟರ್ ಎಂದು ಹಾಕಿದರೆ ಹೇಳಿಕೆ ಎರಡಕ್ಕೂ ಒಗ್ಗುವುದಿಲ್ಲ. ಮೊದಲು ಇದು ಒಂದೇ ಪ್ರಬಂಧವಾಗಿತ್ತು. 2026ನೇ ಸಾಲಿನ ಪ್ರವೇಶದಿಂದ ಮೂರು ಪ್ರಶ್ನೆಗಳಾಗಿ ಒಡೆದಿದ್ದಾರೆ. ಈ ವಿಷಯವನ್ನು ಏಕೆ ಓದಬೇಕೆಂದಿದ್ದೀರಿ, ನಿಮ್ಮ ಶಾಲೆಯ ಓದು ಅದಕ್ಕೆ ಹೇಗೆ ಸಿದ್ಧಗೊಳಿಸಿದೆ, ಶಾಲೆಯ ಹೊರಗೆ ಅದಕ್ಕಾಗಿ ಏನು ಮಾಡಿದ್ದೀರಿ ಮತ್ತು ಅದರಿಂದ ಏನು ಉಪಯೋಗ. ಮೂರೂ ಸೇರಿ 4,000 ಅಕ್ಷರ, ಖಾಲಿ ಜಾಗವೂ ಲೆಕ್ಕಕ್ಕೆ ಸೇರುತ್ತದೆ. ಒಂದೊಂದಕ್ಕೂ ಕನಿಷ್ಠ 350.

ಮೊಮ್ಮಗಳ ಕಾಲದಲ್ಲಿ ಇನ್ನೂ ಪ್ರಬಂಧವೇ. ಅಮೆರಿಕದ ಕಾಲೇಜುಗಳಿಗೆ ಒಂದು ಬರೆದಿದ್ದಳು. ಅಡುಗೆಮನೆಯಲ್ಲಿ ನಾನು ಅವಳಿಗೆ ಕನ್ನಡದಲ್ಲಿ ಲೆಕ್ಕ ಹೇಳಿಕೊಟ್ಟದ್ದು, ಹಿಟ್ಟು ಕಲಸುತ್ತಾ ಮಗ್ಗಿ ಹೇಳಿದ್ದು, ಎರಡು ಭಾಷೆಯ ನಡುವೆ ತಾನು ಬೆಳೆದದ್ದು. ಓದಿ ನನ್ನ ಕಣ್ಣಲ್ಲಿ ನೀರು ಬಂತು. ಅದನ್ನೇ ಸ್ವಲ್ಪ ಕತ್ತರಿಸಿ ಯೂಕಾಸಿಗೂ ಕಳಿಸಿದಳು. ಅದರಲ್ಲಿ ಅರ್ಥಶಾಸ್ತ್ರ ಎಂಬ ಮಾತು ಬಂದದ್ದು ಕೊನೆಯ ನಾಲ್ಕು ಸಾಲಿನಲ್ಲಿ. ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದವಳು ನಾನು. ಪ್ರಶ್ನೆ ಒಂದಾದರೆ ಉತ್ತರ ಇನ್ನೊಂದು ಬರೆದ ಮಕ್ಕಳಿಗೆ ಸೊನ್ನೆ ಕೊಟ್ಟವಳು. ಆದರೂ ಅಂದು ಅಜ್ಜಿಯಾಗಿ ಓದಿದೆನೇ ಹೊರತು ಟೀಚರಾಗಿ ಓದಲಿಲ್ಲ.

ಅವರಿಗೆ ಬೇಕಿದ್ದುದು ಬೇರೆ. ಯಾವ ಪುಸ್ತಕ ಓದಿದೆ, ಅದರಲ್ಲಿ ಯಾವ ವಾದ ಒಪ್ಪಿತು, ಯಾವುದು ಒಪ್ಪಲಿಲ್ಲ. ಬೆಲೆ ಏರಿಕೆಯ ಬಗ್ಗೆ ಒಂದು ಅಂಕಿಅಂಶ ನೋಡಿ ಏನು ಅನುಮಾನ ಬಂತು, ಅದನ್ನು ಪರಿಹರಿಸಲು ಏನು ಮಾಡಿದೆ. ಬಾಸ್ಕೆಟ್‌ಬಾಲ್ ತಂಡದ ನಾಯಕಿ ಎಂಬುದಕ್ಕೆ ಅಲ್ಲಿ ಒಂದು ಸಾಲು ಸಾಕು. ಇಲ್ಲದಿದ್ದರೂ ನಷ್ಟವಿಲ್ಲ. ಹೇಳಿಕೆಯ ಬಹುಪಾಲು ವಿಷಯದ ಬಗ್ಗೆಯೇ ಇರಲಿ. ಆಡಂಬರದ ಇಂಗ್ಲಿಷ್ ಬೇಡ. ಬೇರೆಯವರದ್ದನ್ನು ನಕಲು ಮಾಡುವುದಂತೂ ಬೇಡವೇ ಬೇಡ, ಯೂಕಾಸ್ ಎಲ್ಲ ಹೇಳಿಕೆಗಳನ್ನೂ ಹೋಲಿಸಿ ನೋಡುತ್ತದೆ.

ಅರ್ಜಿಯ ಜೊತೆಗೆ ಶಾಲೆಯಿಂದ ಒಂದು ಶಿಫಾರಸು ಹೋಗಬೇಕು, ಅಂದಾಜು ಅಂಕಗಳೂ ಅದರೊಡನೆ ಹೋಗುತ್ತವೆ. ಅಮೆರಿಕದ ಸರ್ಕಾರಿ ಶಾಲೆಯಲ್ಲಿ ಒಬ್ಬ ಕೌನ್ಸೆಲರ್ ಕೈಯಲ್ಲಿ ನೂರಾರು ಮಕ್ಕಳು. ಯೂಕಾಸಿನ ಹೆಸರನ್ನೇ ಕೇಳದವರಿರಬಹುದು. ಅಂದಾಜು ಅಂಕ ಬರೆಯುವ ಪದ್ಧತಿ ಅವರಲ್ಲಿಲ್ಲ. ಅವರನ್ನು ದೂರಿ ಪ್ರಯೋಜನವಿಲ್ಲ. ಆಗಸ್ಟ್ ಕೊನೆಯಲ್ಲೇ ಮಗು ಹೋಗಿ, ಯಾವ ಕೋರ್ಸು, ಯಾವ ಎಪಿಗೆ ಅಂದಾಜು ಬೇಕು, ಕೊನೆಯ ದಿನ ಯಾವುದು ಎಂದು ಒಂದು ಹಾಳೆಯಲ್ಲಿ ಬರೆದು ಕೊಡಬೇಕು. ಶಿಫಾರಸನ್ನು ಆ ವಿಷಯ ಕಲಿಸಿದ ಶಿಕ್ಷಕರ ಮಾತುಗಳನ್ನು ಸೇರಿಸಿ ಬರೆಯುವಂತೆ ವಿನಯದಿಂದ ಕೇಳಿಕೊಳ್ಳಿ. "ಒಳ್ಳೆಯ ಹುಡುಗಿ, ಎಲ್ಲರಿಗೂ ಬೇಕಾದವಳು" ಎಂಬುದು ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಶಾಲೆ ಯೂಕಾಸಿನಲ್ಲಿ ನೋಂದಣಿ ಆಗಿಲ್ಲದಿದ್ದರೂ ವಿದ್ಯಾರ್ಥಿ ಸ್ವತಂತ್ರವಾಗಿ ಅರ್ಜಿ ಹಾಕಿ ಶಿಕ್ಷಕರ ಇಮೇಲ್ ವಿಳಾಸ ಕೊಡಬಹುದು.

ಗಡಿಯಾರ

ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಮತ್ತು ಬಹುತೇಕ ವೈದ್ಯಕೀಯ, ದಂತವೈದ್ಯ, ಪಶುವೈದ್ಯ ಕೋರ್ಸುಗಳಿಗೆ ಕೊನೆಯ ದಿನ ಅಕ್ಟೋಬರ್ 15. ಉಳಿದವಕ್ಕೆ ಜನವರಿಯಲ್ಲಿ. 2026ನೇ ಸಾಲಿಗೆ ಅದು ಜನವರಿ 14 ಆಗಿತ್ತು, ಅದರ ಹಿಂದಿನ ವರ್ಷ ಜನವರಿ 29. ಹಾಗಾಗಿ ಕಳೆದ ವರ್ಷದ ದಿನಾಂಕ ನಂಬಿ ಕೂರಬೇಡಿ. ಇನ್ನೊಂದು ಮಾತು: ಕೊನೆಯ ದಿನವೆಂದರೆ ಅಮೆರಿಕದ ನಡುರಾತ್ರಿಯಲ್ಲ, ಲಂಡನ್ನಿನ ಸಂಜೆ 6 ಗಂಟೆ. ನ್ಯೂಜೆರ್ಸಿಯಲ್ಲಿ ಆಗ ಮಧ್ಯಾಹ್ನ 1, ಕ್ಯಾಲಿಫೋರ್ನಿಯಾದಲ್ಲಿ ಬೆಳಿಗ್ಗೆ 10. ಮಗು ಶಾಲೆಯಲ್ಲಿ ಕೂತಿರುವ ಹೊತ್ತು.

ಕೆಲವು ಕೋರ್ಸುಗಳಿಗೆ ಪ್ರತ್ಯೇಕ ಪರೀಕ್ಷೆ ಇದೆ. ವೈದ್ಯಕೀಯಕ್ಕೆ ಯುಕ್ಯಾಟ್, ಕೆಲವು ಕಾನೂನು ಕೋರ್ಸುಗಳಿಗೆ ಎಲ್‌ನ್ಯಾಟ್. ಯುಕ್ಯಾಟ್ ಅನ್ನು ಅರ್ಜಿಗೆ ಮೊದಲೇ, ಬೇಸಗೆ ರಜೆಯಿಂದ ಸೆಪ್ಟೆಂಬರಿನೊಳಗೆ ಬರೆದು ಮುಗಿಸಬೇಕು. ನೋಂದಣಿ ತಪ್ಪಿದರೆ ಆ ವರ್ಷ ತಪ್ಪಿದಂತೆಯೇ.

ಅಮೆರಿಕದ ಅರ್ಜಿಗಳೂ ಇದೇ ತಿಂಗಳುಗಳಲ್ಲಿ ಹೋಗುತ್ತವೆ. ಎರಡನ್ನೂ ಹಾಕಲು ಅಡ್ಡಿಯಿಲ್ಲ. ಆದರೆ ಅರ್ಲಿ ಡಿಸಿಷನ್ ಎಂಬ ಬಗೆಯಲ್ಲಿ ಅಮೆರಿಕದ ಕಾಲೇಜಿಗೆ ಹಾಕಿದರೆ, ಸೀಟು ಸಿಕ್ಕೊಡನೆ ಉಳಿದೆಲ್ಲ ಅರ್ಜಿಗಳನ್ನು ಹಿಂತೆಗೆದುಕೊಳ್ಳುವುದಾಗಿ ಮಗು, ಪೋಷಕರು, ಕೌನ್ಸೆಲರ್ ಮೂವರೂ ಸಹಿ ಹಾಕಿರುತ್ತಾರೆ. ಬ್ರಿಟನ್ನಿನ ಅರ್ಜಿಯೂ ಅದರಲ್ಲಿ ಸೇರುತ್ತದೆ. ಕೊಟ್ಟ ಮಾತು ಮಾತೇ.

ಬ್ರಿಟನ್ನಿನಿಂದ ಬರುವ ಉತ್ತರ ಹೆಚ್ಚಾಗಿ ಷರತ್ತಿನದು: ಇಂಥ ಎಪಿಯಲ್ಲಿ 5 ಬಂದರೆ ಸೀಟು ನಿನ್ನದು. ಐದರಲ್ಲಿ ಒಂದನ್ನು ಖಚಿತ ಆಯ್ಕೆಯಾಗಿ, ಇನ್ನೊಂದನ್ನು ಕೈಬಿಡದ ಆಸರೆಯಾಗಿ ಇಟ್ಟುಕೊಳ್ಳಬಹುದು. ಕಷ್ಟ ಬರುವುದು ಮೇ 1ಕ್ಕೆ. ಅಮೆರಿಕದ ಕಾಲೇಜುಗಳಿಗೆ ಮುಂಗಡ ಕಟ್ಟಲು ಸಾಮಾನ್ಯವಾಗಿ ಅದೇ ಕೊನೆಯ ದಿನ. ಎಪಿ ಫಲಿತಾಂಶ ಬರುವುದು ಜುಲೈನಲ್ಲಿ. ನಡುವಿನ ಎರಡು ತಿಂಗಳು ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಇರುವುದಿಲ್ಲ. ಇದನ್ನು ತಪ್ಪಿಸಬೇಕಾದರೆ ಬೇಕಾದ ಎಪಿಗಳಲ್ಲಿ ಹೆಚ್ಚಿನವು 11ನೇ ತರಗತಿಯಲ್ಲೇ ಮುಗಿದಿರಬೇಕು. ಆಗ ಷರತ್ತಿಲ್ಲದ ಸೀಟೇ ಸಿಗಬಹುದು. ಎಪಿ ಅಂಕಗಳು ತಾವಾಗಿಯೇ ಬ್ರಿಟನ್ನಿಗೆ ಹೋಗುವುದಿಲ್ಲ ಎಂಬುದೂ ನೆನಪಿರಲಿ. ಕಾಲೇಜ್ ಬೋರ್ಡಿಗೆ ಹೇಳಿ ವಿದ್ಯಾರ್ಥಿಯೇ ಕಳುಹಿಸಬೇಕು.

ವೈದ್ಯಕೀಯದ ಆಸೆ

ಫೋನ್ ಮಾಡಿದ ಮೂವರಲ್ಲಿ ಇಬ್ಬರು ಕೇಳಿದ್ದು ಇದನ್ನೇ. ಅಮೆರಿಕದಲ್ಲಿ ನಾಲ್ಕು ವರ್ಷ ಪದವಿ, ಆಮೇಲೆ ನಾಲ್ಕು ವರ್ಷ ಮೆಡಿಕಲ್ ಸ್ಕೂಲ್. ಬ್ರಿಟನ್ನಿನಲ್ಲಿ ನಮ್ಮಂತೆಯೇ ಹೈಸ್ಕೂಲಿನಿಂದ ನೇರ ಪ್ರವೇಶ, ಐದು ಅಥವಾ ಆರು ವರ್ಷ. ಲೆಕ್ಕದಲ್ಲಿ ಎರಡು ಮೂರು ವರ್ಷ ಉಳಿಯುವುದು ನಿಜ.

ಆದರೆ ಹೊರದೇಶದ ವಿದ್ಯಾರ್ಥಿಗಳಿಗೆ ಅಲ್ಲಿ ಸೀಟುಗಳ ಮಿತಿ ಇದೆ, ಸ್ಪರ್ಧೆ ಬಹಳ. ಐದು ಆಯ್ಕೆಯಲ್ಲಿ ವೈದ್ಯಕೀಯಕ್ಕೆ ನಾಲ್ಕನ್ನು ಮಾತ್ರ ಬಳಸಬಹುದು. ಶುಲ್ಕವೂ ಎಲ್ಲಕ್ಕಿಂತ ಹೆಚ್ಚು. ಇಷ್ಟೆಲ್ಲ ದಾಟಿ ವೈದ್ಯರಾಗಿ ಅಮೆರಿಕಕ್ಕೆ ಮರಳಿದರೆ, ಅಮೆರಿಕದ ಪೌರನೇ ಆಗಿದ್ದರೂ ಅಲ್ಲಿ ಅವನು ಹೊರದೇಶದ ಪದವೀಧರ. ಯುಎಸ್‌ಎಂಎಲ್‌ಇ ಪರೀಕ್ಷೆಗಳನ್ನು ಬರೆದು, ಅರ್ಹತಾಪತ್ರ ಪಡೆದು, ರೆಸಿಡೆನ್ಸಿ ಸೀಟಿಗೆ ಅಲ್ಲೇ ಓದಿದವರೊಡನೆ ಪೈಪೋಟಿ ಮಾಡಬೇಕು. ಬೇಗ ಮುಗಿಯುತ್ತದೆ ಎಂಬ ಒಂದೇ ಕಾರಣಕ್ಕೆ ಕಳುಹಿಸಬೇಡಿ ಎಂದು ಇಬ್ಬರಿಗೂ ಹೇಳಿದೆ. ಒಬ್ಬರಿಗೆ ಬೇಸರವಾಯಿತು. ಕಾನೂನಿನದೂ ಹೆಚ್ಚುಕಡಿಮೆ ಇದೇ ಕಥೆ. ಬ್ರಿಟನ್ನಿನ ಎಲ್‌ಎಲ್‌ಬಿ ಹಿಡಿದು ಬಂದವರಿಗೆ ಅಮೆರಿಕದ ಬಹಳಷ್ಟು ರಾಜ್ಯಗಳಲ್ಲಿ ನೇರವಾಗಿ ವಕೀಲಿ ಮಾಡಲಾಗದು.

ಹಣ

ಮೂರು ವರ್ಷವೆಂದರೆ ಅಗ್ಗ ಎಂದು ತೀರ್ಮಾನಿಸುವ ಮೊದಲು ಕೂತು ಬರೆದು ಕೂಡಿಸಿ. ಇಂಗ್ಲೆಂಡಿನ ಮಕ್ಕಳಿಗೆ 2025-26ರಲ್ಲಿ ವರ್ಷದ ಗರಿಷ್ಠ ಶುಲ್ಕ 9,535 ಪೌಂಡ್. ಅದು ಹೊರದೇಶದವರಿಗೆ ಅನ್ವಯಿಸುವುದಿಲ್ಲ. ಬ್ರಿಟಿಷ್ ಪಾಸ್‌ಪೋರ್ಟ್ ಇದ್ದರೂ ಅಮೆರಿಕದಲ್ಲೇ ಬೆಳೆದ ಮಗುವಿಗೆ ಸಾಮಾನ್ಯವಾಗಿ ಅದು ಸಿಗುವುದಿಲ್ಲ. ಅವರು ನೋಡುವುದು ಹಿಂದಿನ ಮೂರು ವರ್ಷದ ವಾಸ. ಹೊರದೇಶದವರ ಶುಲ್ಕಕ್ಕೆ ಮಿತಿಯೇ ಇಲ್ಲ. ಸಾಧಾರಣ ಕಡೆ ಹದಿನೈದು ಇಪ್ಪತ್ತು ಸಾವಿರ ಪೌಂಡ್ ಇದ್ದರೆ, ಹೆಸರಾದ ಕಡೆ ವಿಜ್ಞಾನದ ಕೋರ್ಸಿಗೆ ನಲವತ್ತು ಸಾವಿರ ದಾಟುತ್ತದೆ. ಊಟ ವಸತಿ ಬೇರೆ.

ಅಮೆರಿಕದ ಸರ್ಕಾರಿ ವಿದ್ಯಾರ್ಥಿ ಸಾಲವನ್ನು ಬ್ರಿಟನ್ನಿನ ಬಹಳಷ್ಟು ವಿಶ್ವವಿದ್ಯಾಲಯಗಳಲ್ಲಿ ಬಳಸಬಹುದು. ತಂದೆ ತಾಯಿಯನ್ನು ಅವಲಂಬಿಸಿದ ವಿದ್ಯಾರ್ಥಿಗೆ ಮೊದಲ ವರ್ಷ 5,500 ಡಾಲರ್, ಎರಡನೆಯ ವರ್ಷ 6,500, ಮೂರನೆಯ ವರ್ಷ 7,500. ಮೂರೂ ಸೇರಿ 19,500. ಒಂದು ವರ್ಷದ ಶುಲ್ಕಕ್ಕೂ ಸಾಲದು. ಪೋಷಕರ ಹೆಸರಿನಲ್ಲಿ ತೆಗೆಯುವ ಪ್ಲಸ್ ಸಾಲಕ್ಕೆ 2026ರ ಜುಲೈನಿಂದ ವರ್ಷಕ್ಕೆ 20,000 ಡಾಲರ್ ಎಂದು ಮಿತಿ ಬಂದಿದೆ. ಬಡವರ ಮಕ್ಕಳಿಗೆ ಸಿಗುವ ಪೆಲ್ ಗ್ರಾಂಟ್ ಅಲ್ಲಿ ನಡೆಯುವುದಿಲ್ಲ. ಈ ಸಾಲಗಳಿಗೆಲ್ಲ ಬಡ್ಡಿ ಇದೆ. ಬಡ್ಡಿ ಬೇಡವೆನ್ನುವ ಮನೆಗಳು ನಮ್ಮಲ್ಲಿ ಬಹಳ. ಅಂಥವರಿಗೆ ಉಳಿಯುವುದು ಕೂಡಿಟ್ಟ ಹಣ ಮಾತ್ರ. 529 ಖಾತೆಯಲ್ಲಿ ಉಳಿಸಿದ್ದರೆ, ಅಮೆರಿಕದ ಸರ್ಕಾರಿ ನೆರವಿನ ಪಟ್ಟಿಯಲ್ಲಿರುವ ಬ್ರಿಟಿಷ್ ವಿಶ್ವವಿದ್ಯಾಲಯಕ್ಕೆ ಅದನ್ನು ಬಳಸಬಹುದು.

ವೀಸಾ ಶುಲ್ಕ 2025ರ ಏಪ್ರಿಲ್‌ನಿಂದ 524 ಪೌಂಡ್ ಆಗಿತ್ತು. ಅದರ ಮೇಲೆ ಆರೋಗ್ಯ ಶುಲ್ಕ ವರ್ಷಕ್ಕೆ 776 ಪೌಂಡ್, ಅದನ್ನು ಪೂರ್ತಿ ಕೋರ್ಸಿಗೂ ಮೊದಲೇ ಕಟ್ಟಬೇಕು. ಮೂರು ವರ್ಷದ ಪದವಿಗೆ ಸುಮಾರು 2,700 ಪೌಂಡ್ ಒಂದೇ ಸಲ ಕೈಬಿಡುತ್ತದೆ. ನಮ್ಮ ಅಳಿಯನ ಪಟ್ಟಿಯಲ್ಲಿ ಈ ಸಾಲು ಇರಲೇ ಇಲ್ಲ.

ಮಗುವಿನ ಕೈಯಲ್ಲಿರುವ ಪಾಸ್‌ಪೋರ್ಟ್

ಇದನ್ನು ಯಾರೂ ಕೇಳಲಿಲ್ಲ, ನಾನೇ ಕೇಳಿ ತಿಳಿದೆ. ನಮ್ಮ ಕುಟುಂಬಗಳಲ್ಲಿ ಒಂದೇ ಮನೆಯ ಇಬ್ಬರು ಮಕ್ಕಳ ಸ್ಥಿತಿ ಬೇರೆ ಬೇರೆ ಇರುತ್ತದೆ. ಅಲ್ಲೇ ಹುಟ್ಟಿದವನು ಅಮೆರಿಕದ ಪೌರ. ಇಲ್ಲಿ ಹುಟ್ಟಿ ಹೋದವಳು ಇನ್ನೂ ಭಾರತದ ಪಾಸ್‌ಪೋರ್ಟಿನಲ್ಲಿ, ತಂದೆಯ ಎಚ್-1ಬಿ ಜೊತೆಗಿನ ಎಚ್-4 ವೀಸಾದಲ್ಲಿ.

ಪೌರನಿಗೆ ದಾರಿ ಸುಲಭ. ಬ್ರಿಟನ್ನಿನ ವೀಸಾಕ್ಕೆ ಇಂಗ್ಲಿಷ್ ಪರೀಕ್ಷೆ ಬೇಡ, ಬ್ಯಾಂಕ್ ದಾಖಲೆಯನ್ನೂ ಸಾಮಾನ್ಯವಾಗಿ ಕೇಳುವುದಿಲ್ಲ. ಕೇಳಿದರೆ ತೋರಿಸುವಂತಿರಬೇಕು, ಅಷ್ಟೆ.

ಭಾರತದ ಪಾಸ್‌ಪೋರ್ಟ್ ಇದ್ದ ಮಗು ಹುಟ್ಟಿದಾಗಿನಿಂದ ಇಂಗ್ಲಿಷೇ ಮಾತಾಡಿದ್ದರೂ ಭಾಷೆಯ ಅರ್ಹತೆಯನ್ನು ವಿಶ್ವವಿದ್ಯಾಲಯಕ್ಕೆ ತೋರಿಸಬೇಕು. ಮೊದಲ ವರ್ಷದ ಶುಲ್ಕ ಮತ್ತು ಒಂಬತ್ತು ತಿಂಗಳ ಖರ್ಚಿನ ಹಣ ಖಾತೆಯಲ್ಲಿ ಬಿಡದೆ 28 ದಿನ ಇದ್ದದ್ದನ್ನು ತೋರಿಸಬೇಕು. ಅಮೆರಿಕದ ಸರ್ಕಾರಿ ಸಾಲ ಅವಳಿಗೆ ಸಿಗುವುದಿಲ್ಲ. ಎಲ್ಲಕ್ಕಿಂತ ದೊಡ್ಡದು, ಎಚ್-4 ಇರುವುದು 21 ತುಂಬುವವರೆಗೆ ಮಾತ್ರ. 18ಕ್ಕೆ ಇಂಗ್ಲೆಂಡಿಗೆ ಹೋದವಳು ಪದವಿ ಮುಗಿಸುವ ಹೊತ್ತಿಗೆ 21. ತಂದೆ ತಾಯಿ ಇರುವ ಮನೆಗೆ ಮರಳಿ ಬರಲು ಬೇರೆ ವೀಸಾ ಬೇಕಾಗುತ್ತದೆ. ಅಮೆರಿಕದಲ್ಲೇ ಉಳಿದರೂ 21ಕ್ಕೆ ಬೇರೆ ವೀಸಾಕ್ಕೆ ಬದಲಾಗಬೇಕು ಎಂಬುದು ನಿಜ. ಆದರೆ ಒಳಗಿದ್ದು ಬದಲಾಗುವುದು ಒಂದು, ಹೊರಗೆ ನಿಂತು ಕೇಳುವುದು ಇನ್ನೊಂದು. ಬ್ರಿಟನ್ನಿನಲ್ಲಿ ಪದವಿಯ ನಂತರ ಕೆಲಸ ಹುಡುಕಲು ಉಳಿಯುವ ಅವಕಾಶ ಎರಡು ವರ್ಷದ್ದಾಗಿತ್ತು. 2027ರ ಜನವರಿ 1ರಿಂದ ಅರ್ಜಿ ಹಾಕುವ ಪದವೀಧರರಿಗೆ ಅದು 18 ತಿಂಗಳು.

ಗ್ರೀನ್ ಕಾರ್ಡ್ ಇರುವವರು ಎಲ್ಲರಿಗಿಂತ ಎಚ್ಚರದಿಂದಿರಬೇಕು. ಒಂದು ವರ್ಷಕ್ಕಿಂತ ಹೆಚ್ಚು ಹೊರಗಿದ್ದರೆ ಆ ಕಾರ್ಡ್ ಒಂದನ್ನೇ ತೋರಿಸಿ ಒಳಗೆ ಬರಲಾಗದು. ಆರು ತಿಂಗಳು ದಾಟಿದರೂ ಮುಂದೆ ಪೌರತ್ವದ ಲೆಕ್ಕಕ್ಕೆ ತೊಂದರೆ. ರಜೆಗಳಲ್ಲಿ ಮನೆಗೆ ಬಂದು ಹೋಗುತ್ತಿರಬೇಕು. ಹೊರಡುವ ಮೊದಲೇ, ಅಮೆರಿಕದಲ್ಲಿ ಇರುವಾಗಲೇ, ಮರುಪ್ರವೇಶ ಪರವಾನಗಿಗೆ ಅರ್ಜಿ ಹಾಕಿಕೊಳ್ಳುವುದು ಒಳ್ಳೆಯದು. ಈ ಒಂದು ವಿಷಯಕ್ಕೆ ಮಾತ್ರ ಟೀಚರ್ ಮಾತು ಸಾಲದು, ವಲಸೆ ವಕೀಲರನ್ನು ಕಾಣಿ. ಅವರ ಶುಲ್ಕ ಉಳಿಸಲು ಹೋಗಬೇಡಿ.

ಕಿರಿಯ ಮೊಮ್ಮಗ ಈಗ 10ನೇ ತರಗತಿ. ಅವನಿಗೆ ಎಂಜಿನಿಯರಿಂಗ್ ಇಷ್ಟ, ಅದೂ ಇಂಗ್ಲೆಂಡಿನದೇ ಬೇಕೆಂದೇನೂ ಇಲ್ಲ. ಆದರೂ ಹೋದ ತಿಂಗಳು ವಿಷಯ ಆರಿಸುವ ಫಾರ್ಮ್ ಬಂದಾಗ ವಿಡಿಯೋ ಕಾಲ್ ಮಾಡಿ, "ನಾನಿ, ಬಿಸಿನೇ ಹಾಕಿದೀನಿ, ಫಿಸಿಕ್ಸ್ ಸಿ ಮುಂದಿನ ವರ್ಷ" ಎಂದ. ಅಕ್ಕನ ಫೈಲ್ ಅವನ ಮೇಜಿನ ಮೇಲಿತ್ತು.

ಟ್ರಸ್ಟಿನ ವಿದ್ಯಾರ್ಥಿವೇತನ ಊರಿನ ಮತ್ತು ಸುತ್ತಲಿನ ಮಕ್ಕಳಿಗೆ ಮಾತ್ರ ಎಂಬುದು ಮುಂದಿನ ಪುಟದ ಪ್ರಕಟಣೆಯಲ್ಲಿ ಸ್ಪಷ್ಟವಾಗಿದೆ. ವಿದೇಶದಲ್ಲಿರುವ ನಮ್ಮವರ ಮಕ್ಕಳಿಗೆ ಹಣದ ನೆರವು ಕೊಡಲು ಅದರಲ್ಲಿ ಅವಕಾಶವಿಲ್ಲ. ಆದರೆ ಯೂಕಾಸ್ ಹೇಳಿಕೆಯ ಕರಡನ್ನು ಕಚೇರಿಯ ಮೂಲಕ ನನಗೆ ಕಳುಹಿಸಿದರೆ ಓದಿ ತಿದ್ದಿ ಹಿಂದಿರುಗಿಸುತ್ತೇನೆ. ಸೆಪ್ಟೆಂಬರ್ ಮೊದಲ ವಾರದೊಳಗೆ ಕಳುಹಿಸಿ. ಈ ಸಲ ಕೆಂಪು ಪೆನ್ನು ಹಿಡಿದೇ ಓದುತ್ತೇನೆ.